ಪೋಕೆಮಾನ್ ಸ್ಪಿನ್-ಆಫ್‌ಗಳು ಮತ್ತು ಕಲಬುರಗಿಯ ಒಂದು ಬೇಸಿಗೆ

ನಮಸ್ಕಾರ ಎಲ್ಲರಿಗೂ. ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಆಡಿದ್ದೆಲ್ಲ ಪೋಕೆಮಾನ್, ಅಂದರೆ ಅದೇ ಹೆಸರಿನ ಕಲ್ಪನೆಯ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಜಪಾನಿನ ವಿಡಿಯೊ ಗೇಮ್. ಆದರೆ ಜಿಮ್ ಗೆದ್ದು, ಬ್ಯಾಡ್ಜ್ ಕೂಡಿಸಿ, ಚಾಂಪಿಯನ್ ಆಗುವ ಮುಖ್ಯ ಗೇಮ್‌ಗಳಲ್ಲ. ಅವುಗಳ ಪಕ್ಕದಲ್ಲೇ ಬೆಳೆದ ಸ್ಪಿನ್-ಆಫ್‌ಗಳು. ಫೋಟೊ ತೆಗೆಯುವ ಗೇಮ್, ಫೋನ್ ಹಿಡಿದು ಊರು ಸುತ್ತುವ ಗೇಮ್, ನಾವೇ ಪೋಕೆಮಾನ್ ಆಗಿಬಿಡುವ ಗೇಮ್. ಇವನ್ನು ಸುಮ್ನೆ ಟೈಂಪಾಸ್ ಅಂತ ಬದಿಗಿಡುವವರೇ ಜಾಸ್ತಿ. ನನಗೆ ಮಾತ್ರ ಪೋಕೆಮಾನ್ ಯಾಕೆ ಇಷ್ಟ ಅಂತ ಯಾರಾದರೂ ಕೇಳಿದರೆ, ಮೊದಲು ತೋರಿಸಬೇಕು ಅನಿಸುವುದು ಇವನ್ನೇ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ಓಣಿ. ಸಮಯ ಬೆಳಿಗ್ಗೆ ಹನ್ನೊಂದು. ಒಂದು ನಾಯಿಯೂ ಇಲ್ಲ ನೋಡಿ. ಕಲಬುರಗಿಯ ಮೇ ತಿಂಗಳು ಅಂದರೆ ಹೀಗೇ. ಕೂಲರ್‌ಗೆ ನೀರು ತುಂಬಿ, ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಮತ್ತೆ ಹೊರಗೆ ಕಾಲಿಡುವುದು ಸಂಜೆಗೇ. ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಸ್ವಿಚ್ ಒಂದು ಇದೆ, ನಿಂಟೆಂಡೊ ಕಂಪನಿಯ ಗೇಮ್ ಆಡುವ ಯಂತ್ರ. ಪಾಳಿ ಹಾಕಿಕೊಂಡು ಆಡುವುದು ನಾನು ಮತ್ತು ಒಂಬತ್ತನೇ ಕ್ಲಾಸಿನ ನನ್ನ ತಮ್ಮ.

ಗೇಮ್‌ಗಳಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನ ಕಥೆ. ಮೊದಲ ಪೋಕೆಮಾನ್ ಗೇಮ್‌ಗಳಾದ ರೆಡ್ ಮತ್ತು ಗ್ರೀನ್, ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ಗೇಮ್ ಬಾಯ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದವು. ಅದರ ಹಿಂದೆ ಇದ್ದವರು ಸಾತೋಶಿ ತಾಜಿರಿ. ಅವರು ಬೆಳೆದದ್ದು ಟೋಕಿಯೊದ ಅಂಚಿನ ಮಾಚಿದಾದಲ್ಲಿ. ಚಿಕ್ಕವರಿದ್ದಾಗ ಅವರಿಗೆ ಹುಳ ಹಿಡಿಯುವ ಹುಚ್ಚು. ಆಮೇಲೆ ಊರು ಬೆಳೆಯಿತು, ಹೊಲ ಕೊಳ ಇದ್ದ ಕಡೆ ಕಟ್ಟಡ ಎದ್ದವು, ಹುಳ ಹುಡುಕಲು ಜಾಗವೇ ಉಳಿಯಲಿಲ್ಲ. ಆ ಖುಷಿ ಮುಂದಿನ ಮಕ್ಕಳಿಗೂ ಸಿಗಲಿ ಅನ್ನುವ ಆಸೆ ಪೋಕೆಮಾನ್‌ನ ಬೇರಿನಲ್ಲಿದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಕೆಂಪು ಮಖಮಲ್ಲಿನಂಥ ಹುಳ ಹೊರಗೆ ಬರುತ್ತವಲ್ಲ, ಅವನ್ನು ಕಡ್ಡಿಪೆಟ್ಟಿಗೆಯಲ್ಲಿ ಇಟ್ಟುಕೊಂಡು ಓಡಾಡದ ಮಕ್ಕಳು ಯಾರಿದ್ದಾರೆ? ಯಾರೂ ಆ ಹುಳಗಳ ಮಧ್ಯೆ ಜಗಳ ಹಚ್ಚುವುದಿಲ್ಲ. ಅಂಗೈ ಮೇಲೆ ಬಿಟ್ಟುಕೊಂಡು, ಅದು ಹೇಗೆ ನಡೆಯುತ್ತದೆ ಅಂತ ನೋಡುತ್ತಾ ಕೂರುತ್ತೇವೆ. ಮುಖ್ಯ ಗೇಮ್‌ಗಳು ಬೆಳೆಯುತ್ತಾ ಹೋದಂತೆ ಕಾದಾಟವೇ ದೊಡ್ಡದಾಯಿತು, ಈ ನೋಡುತ್ತಾ ಕೂರುವ ಖುಷಿ ಸಣ್ಣದಾಯಿತು. ಅದು ಉಳಿದುಕೊಂಡದ್ದು ಸ್ಪಿನ್-ಆಫ್‌ಗಳಲ್ಲಿ ಅಂತ ನನ್ನ ನಂಬಿಕೆ.

ಈಗ ನೋಡುತ್ತಿರುವುದು ನ್ಯೂ ಪೋಕೆಮಾನ್ ಸ್ನ್ಯಾಪ್. 2021ರ ಏಪ್ರಿಲ್ 30ಕ್ಕೆ ಬಂತು, ಮಾಡಿದ್ದು ಬಂದೈ ನಾಮ್ಕೊ. ಇದಕ್ಕೂ ಹಳೆಯದು 1999ರ ಪೋಕೆಮಾನ್ ಸ್ನ್ಯಾಪ್. ಅದನ್ನು ಎಚ್‌ಎಎಲ್ ಲ್ಯಾಬೊರೇಟರಿ ಅನ್ನುವ ಜಪಾನಿನ ಗೇಮ್ ಕಂಪನಿ, ನಿಂಟೆಂಡೊ 64 ಅನ್ನುವ ಹಳೆಯ ಗೇಮ್ ಯಂತ್ರಕ್ಕೆ ಮಾಡಿತ್ತು, ಅದರಲ್ಲಿ ಇದ್ದದ್ದು 63 ಪೋಕೆಮಾನ್ ಮಾತ್ರ. ಎರಡರಲ್ಲೂ ಆಟ ಒಂದೇ. ಒಂದು ಪುಟ್ಟ ಗಾಡಿಯಲ್ಲಿ ಕೂರುತ್ತೀರಿ, ಗಾಡಿ ತನ್ನ ಪಾಡಿಗೆ ಹೋಗುತ್ತಾ ಇರುತ್ತದೆ, ನಿಮ್ಮ ಕೈಯಲ್ಲಿ ಕ್ಯಾಮೆರಾ. ಯಾರನ್ನೂ ಹಿಡಿಯುವಂತಿಲ್ಲ, ಯಾರ ಜೊತೆಯೂ ಹೊಡೆದಾಟ ಇಲ್ಲ.

ತೆಗೆದ ಫೋಟೊಗೆ ಗೇಮ್‌ನೊಳಗಿನ ಪ್ರೊಫೆಸರ್ ಮಿರರ್ ಅಂಕ ಕೊಡುತ್ತಾರೆ. ಪೋಕೆಮಾನ್‌ನ ಭಂಗಿ ಹೇಗಿದೆ, ಫೋಟೊದಲ್ಲಿ ಎಷ್ಟು ದೊಡ್ಡದಾಗಿದೆ, ಮುಖ ನಮ್ಮ ಕಡೆ ಇದೆಯಾ, ನಡುವೆ ಕೂತಿದೆಯಾ, ಜೊತೆಯಲ್ಲಿ ಬೇರೆ ಯಾರಿದ್ದಾರೆ, ಹಿನ್ನೆಲೆ ಏನು, ಎಲ್ಲವೂ ಲೆಕ್ಕಕ್ಕೆ. ಇದರ ಮೇಲೆ ಒಂದರಿಂದ ನಾಲ್ಕರವರೆಗೆ ನಕ್ಷತ್ರ. ಈ ನಕ್ಷತ್ರಗಳು ಫೋಟೊ ಎಷ್ಟು ಚೆಂದ ಅಂತ ಹೇಳುವುದಿಲ್ಲ, ಆ ಪೋಕೆಮಾನ್ ಮಾಡುತ್ತಿರುವ ಕೆಲಸ ಎಷ್ಟು ಅಪರೂಪ ಅಂತ ಹೇಳುತ್ತವೆ. ಸುಮ್ನೆ ನಿಂತಿದ್ದರೆ ಒಂದು. ಬೇರೆಲ್ಲೂ ಕಾಣದ ಏನನ್ನೋ ಮಾಡುತ್ತಿದ್ದರೆ ನಾಲ್ಕು. ಹಾಗಾಗಿ ಗ್ರೂಕಿ ಅನ್ನುವ ಕೋತಿಯಂಥ ಪೋಕೆಮಾನ್ ಒಂದನ್ನೇ ಮತ್ತೆ ಮತ್ತೆ ನೋಡಬೇಕು. ಅದು ಯಾವಾಗ ಮರ ಹತ್ತುತ್ತದೆ, ಯಾವಾಗ ಪಿಚು ಅನ್ನುವ ಇನ್ನೊಂದು ಪೋಕೆಮಾನ್ ಜೊತೆ ಆಡುತ್ತದೆ, ಹಣ್ಣು ಎಸೆದರೆ ಏನು ಮಾಡುತ್ತದೆ ಅಂತ ತಿಳಿದಿರಬೇಕು.

ಇನ್ನೊಂದು ನಿಯಮ ಇದೆ, ನಮ್ಮ ಮನೆಯ ಗದ್ದಲಕ್ಕೆಲ್ಲ ಅದೇ ಕಾರಣ. ಒಂದು ಸುತ್ತು ಮುಗಿದ ಮೇಲೆ ಪ್ರತಿ ಪೋಕೆಮಾನ್‌ನ ಒಂದೇ ಒಂದು ಫೋಟೊ ಪ್ರೊಫೆಸರ್‌ಗೆ ಕೊಡಬಹುದು. ಇಲ್ಲಿ ಕೇಳಿಸುತ್ತಿದೆಯಲ್ಲ ತಮ್ಮನ ದನಿ: "ಅಕ್ಕಾ, ಅದು ಬ್ಯಾಡ. ಇದರಾಗ ಅದರ ಕಣ್ಣು ಕಾಣ್ಲಕತ್ತದ ನೋಡು." ಅವನು ಹೇಳಿದ್ದು ಸರಿ. ನಾನು ಆರಿಸಿದ್ದರಲ್ಲಿ ಪೋಕೆಮಾನ್ ದೊಡ್ಡದಾಗಿ ಬಂದಿತ್ತು, ಅವನದರಲ್ಲಿ ಅದಕ್ಕೆ ಜೀವ ಇತ್ತು. ಅವನದನ್ನೇ ಕೊಟ್ಟೆವು.

ರಾತ್ರಿಯ ಸುತ್ತಿನಲ್ಲಿ ಅವ್ವ ಬಂದು ಕೂತಿದ್ದಳು. ಹಗಲು ಹೋದ ದಾರಿಯಲ್ಲೇ ರಾತ್ರಿ ಹೋದರೆ ಎಷ್ಟೋ ಪೋಕೆಮಾನ್ ಮಲಗಿರುತ್ತವೆ. ತಮ್ಮ ಒಂದನ್ನು ಎಬ್ಬಿಸಲು ಹಣ್ಣು ಎಸೆಯಲು ಹೊರಟ. ಅವ್ವ ತಕ್ಷಣ, "ನಿದ್ದಿ ಮಾಡ್ಲಕತ್ತದ ಅದು, ಎಬ್ಬಿಸಬ್ಯಾಡ್ರೋ" ಅಂದಳು. ನಾನು ಆಡುವ ಗೇಮ್ ಕಡೆ ಅವ್ವ ತಿರುಗಿಯೂ ನೋಡಿದವಳಲ್ಲ. ಮುಖ್ಯ ಗೇಮ್‌ಗಳಲ್ಲೊಂದಾದ ಪೋಕೆಮಾನ್ ಸೋರ್ಡ್ ಆಡುವಾಗ ಅವಳಿಗೆ ಕಂಡಿದ್ದು ಎರಡು ಪ್ರಾಣಿ ಎದುರುಬದುರು ನಿಂತು ಹೊಡೆದಾಡುವುದು. ಇಲ್ಲಿ ಅವಳಿಗೆ ಒಂದು ಪ್ರಾಣಿ ಕಂಡಿತು. ಅಷ್ಟೇ ಅಲ್ವಾ ಬೇಕಾಗಿದ್ದು?

ಸಂಜೆಯಾದ ಮೇಲೆ ಸ್ವಿಚ್ ಮನೆಯಲ್ಲಿ, ನಾವು ಹೊರಗೆ. ಇದು ಅಪ್ಪನ ಕೆರೆ. ಈ ಹೊತ್ತಿಗೆ ಅರ್ಧ ಊರು ಇಲ್ಲೇ ಇರುತ್ತದೆ. ನಮ್ಮ ಫೋನಿನಲ್ಲಿ ಪೋಕೆಮಾನ್ ಗೋ, ನಿಜವಾದ ಬೀದಿಗಳಲ್ಲಿ ನಡೆಯುತ್ತಾ ಪೋಕೆಮಾನ್ ಹಿಡಿಯುವ ಗೇಮ್. ಜಗತ್ತಿಗೆ ಬಂದದ್ದು 2016ರ ಜುಲೈಯಲ್ಲಿ. ಭಾರತಕ್ಕೆ ಅಧಿಕೃತವಾಗಿ ಅದೇ ವರ್ಷ ಡಿಸೆಂಬರ್ 14ಕ್ಕೆ, ಜಿಯೊ ಜೊತೆ ಸೇರಿ. ಹೆಸರು ಕೇಳದವರು ಯಾರೂ ಇಲ್ಲ. ಆದರೆ ಅದರ ಕಾಲ ಮುಗಿಯಿತು ಅಂದುಕೊಂಡವರು ಬಹಳ. ಮುಗಿದಿಲ್ಲ, ಇಲ್ಲಿ ನೋಡಿ.

ಇದರಲ್ಲಿ ನನಗೆ ಇಷ್ಟವಾಗುವುದು ಗೇಮ್ ನಮ್ಮ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರೀತಿ. ಹೊರಗೆ ಬಿಸಿಲಿದ್ದರೆ ಗೇಮ್‌ನಲ್ಲೂ ಬಿಸಿಲು, ಆಗ ಬೆಂಕಿ, ಹುಲ್ಲು, ನೆಲ ಈ ಮೂರು ಬಗೆಯ ಪೋಕೆಮಾನ್‌ಗಳಿಗೆ ಬಲ ಜಾಸ್ತಿ. ಮಳೆ ಬಂದರೆ ನೀರು, ಮಿಂಚು, ಹುಳದ ಬಗೆಯವುಗಳಿಗೆ. ಅಂದ ಮೇಲೆ ಬೇಸಿಗೆಯ ಕಲಬುರಗಿ ಬೆಂಕಿ ಪೋಕೆಮಾನ್‌ಗಳ ತವರು. ಟೋರ್ಕೋಲ್ ಅಂತ ಒಂದಿದೆ, ಚಿಪ್ಪಿನೊಳಗೆ ಕಲ್ಲಿದ್ದಲು ಉರಿಸಿಕೊಂಡು ಮೂಗಿನಿಂದ ಹೊಗೆ ಬಿಡುವ ಆಮೆ. ಈ ಗೇಮ್‌ನಲ್ಲಿ ಕೆಲವು ಪೋಕೆಮಾನ್ ಜಗತ್ತಿನ ಕೆಲವೇ ಭಾಗಗಳಲ್ಲಿ ಸಿಗುತ್ತವೆ, ಟೋರ್ಕೋಲ್ ಸಿಗುವ ಭಾಗದಲ್ಲಿ ನಮ್ಮ ದೇಶವೂ ಇದೆ. ಬೇರೆ ಖಂಡದವರು ಇದಕ್ಕಾಗಿ ಕಾಯುತ್ತಾರೆ. ನಮ್ಮ ಅಂಗಳದ ಶಹಾಬಾದ ಕಲ್ಲಿನ ಮೇಲೆ ಅದು ಹೊಗೆ ಬಿಡುತ್ತಾ ನಿಂತ ಫೋಟೊ ಇದು. ನನ್ನ ಮಟ್ಟಿಗೆ ಈ ಬೇಸಿಗೆಯ ಒಳ್ಳೆಯ ಫೋಟೊ ಇದೇ.

ಹೌದು, ಗೋದಲ್ಲೂ ಫೋಟೊ ಇದೆ. ನಮ್ಮ ಹತ್ತಿರ ಇರುವ ಪೋಕೆಮಾನ್ ಅನ್ನು ಫೋನಿನ ಕ್ಯಾಮೆರಾದಲ್ಲಿ ನಿಜವಾದ ಜಾಗದಲ್ಲಿ ನಿಲ್ಲಿಸಿ ತೆಗೆಯಬಹುದು. ಒಮ್ಮೊಮ್ಮೆ ಹೀಗೆ ತೆಗೆದ ಫೋಟೊದಲ್ಲಿ ಕರೆಯದೇ ಬಂದ ಸ್ಮಿಯರ್ಗಲ್ ಮುಖ ತೂರಿಸಿರುತ್ತದೆ. ಸ್ಮಿಯರ್ಗಲ್ ಅಂದರೆ ಬಾಲವನ್ನೇ ಕುಂಚ ಮಾಡಿಕೊಂಡ ನಾಯಿಯಂಥ ಪೋಕೆಮಾನ್. ಫೋಟೊದಿಂದ ಹೊರಗೆ ಬಂದ ಮೇಲೆ ಮ್ಯಾಪಿನಲ್ಲಿ ನಿಂತಿರುತ್ತದೆ, ಹಿಡಿಯಬಹುದು. ಕೆರೆಯ ದಂಡೆಯಲ್ಲಿ ಅದು ಬಂದಾಗ ತಮ್ಮ ಕೂಗಿದ ಕೂಗಿಗೆ ವಾಕಿಂಗ್ ಬಂದಿದ್ದ ಒಬ್ಬ ಕಾಕಾ ನಿಂತು ನೋಡಿದರು. "ಏನಾತಪಾ?" ಅಂತ ಕೇಳಿ, ಫೋನ್ ತೆಗೆದುಕೊಂಡು, ಕನ್ನಡಕ ಮೇಲೆತ್ತಿ, ಪೂರ್ತಿ ನೋಡಿದ ಮೇಲೆಯೇ ಮುಂದೆ ಹೋದರು.

ಒಂದು ತಕರಾರು ಮಾತ್ರ ಹೇಳಲೇಬೇಕು. ತಿಂಗಳಿಗೊಮ್ಮೆ ಕಮ್ಯುನಿಟಿ ಡೇ ಅಂತ ಇರುತ್ತದೆ, ಎಲ್ಲರೂ ಹೊರಗೆ ಬಂದು ಒಂದು ಗೊತ್ತಾದ ಪೋಕೆಮಾನ್ ಹಿಡಿಯುವ ದಿನ, ಅದರ ಸಮಯ ಸಾಮಾನ್ಯವಾಗಿ ಮಧ್ಯಾಹ್ನ 2ರಿಂದ 5. ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ಆ ಹೊತ್ತಿಗೆ ಹೊರಗೆ ನಡೆಯಿರಿ ಅಂತ ಯಾರಿಗೂ ಹೇಳಬಾರದು. ನಾವು ಕೋಟೆಗೆ ಹೋಗಿ ಗೋಡೆಯ ನೆರಳಿನಲ್ಲಿ ಕೂತೆವು. ನೀರಿನ ಬಾಟಲಿ, ತಲೆಗೆ ಟವೆಲ್, ಎಲ್ಲ ತಯಾರಿ ಮಾಡಿಕೊಂಡೇ ಹೋಗಿದ್ದೆವು. ಒಳಗಿರುವ ಜಾಮಿ ಮಸೀದಿ 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಮೇಲೆ ಪೂರ್ತಿ ಗುಮ್ಮಟಗಳ ಚಾವಣಿ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಅದರೊಳಗೆ ಹೋದಾಗ ಇಬ್ಬರೂ ಫೋನ್ ಜೇಬಿಗೆ ಹಾಕಿದೆವು. ಅಲ್ಲಿ ಆಡಬಾರದು ಅನಿಸಿತು, ಮತ್ತೆ ನೋಡಲು ಆ ಕಮಾನುಗಳೇ ಸಾಕಷ್ಟಿದ್ದವು.

ಈ ಗೇಮ್‌ನಲ್ಲಿ ಪೋಕೆಸ್ಟಾಪ್‌ಗಳಿಗೆ, ಅಂದರೆ ಆಟದ ಸಾಮಾನು ಸಿಗುವ ನಿಜವಾದ ತಾಣಗಳಿಗೆ, ಜಾಗ ಸೂಚಿಸುವವರು ಆಡುವವರೇ. ಜಾಗದ ಫೋಟೊ, ಸುತ್ತಲಿನ ಫೋಟೊ, ಒಂದೆರಡು ಸಾಲು ವಿವರ ಕಳಿಸಬೇಕು, ಅದನ್ನು ಬೇರೆ ಆಟಗಾರರು ನೋಡಿ ಒಪ್ಪುತ್ತಾರೆ ಅಥವಾ ಬಿಡುತ್ತಾರೆ. ಅಫಜಲಪುರ ಕಡೆ ಇರುವ ನಮ್ಮ ಆಯಿಯ ಊರಿನ ಮೆಟ್ಟಿಲು ಬಾವಿಯನ್ನು ಸೂಚಿಸಿದ್ದೇವೆ. ವಿವರ ಬರೆಯಬೇಕಲ್ಲ, ತಮ್ಮ ಹೋಗಿ ಆಯಿಯನ್ನು ಕೇಳಿದ. ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ಕೊಡ ನೀರು ಆ ಬಾವಿಯದೇ ಆಗಬೇಕಿತ್ತು ಅಂತ ಆಯಿ ಹೇಳಿದಳು. ನಮಗಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಸೂಚನೆ ಇನ್ನೂ ಪರಿಶೀಲನೆಯಲ್ಲಿದೆ.

ಪೋಕೆಮಾನ್ ಯುನೈಟ್ ಬಗ್ಗೆ ಕೇಳಿದವರಿಗೆ: ಆಡಿದ್ದೇನೆ. ಐದು ಜನರ ವಿರುದ್ಧ ಐದು ಜನ, ಹತ್ತು ನಿಮಿಷದ ಪಂದ್ಯ, ಫೋನಿನಲ್ಲೇ ಸಿಗುತ್ತದೆ. ಚೆನ್ನಾಗಿ ಮಾಡಿದ್ದಾರೆ. ಆದರೆ ಅದರಲ್ಲಿ ಪಿಕಾಚು ಜಾಗದಲ್ಲಿ ಇನ್ನಾರನ್ನು ಇಟ್ಟರೂ ಆಟ ಹಾಗೇ ನಡೆಯುತ್ತದೆ. ನನಗೆ ಅಷ್ಟು ಸಾಲದು.

ಕೊನೆಗೆ ನನ್ನ ಅಚ್ಚುಮೆಚ್ಚಿನದು, ಪೋಕೆಮಾನ್ ಮಿಸ್ಟರಿ ಡಂಜನ್. ಈಗ ಕಾಣುತ್ತಿರುವುದು 2020ರಲ್ಲಿ ಬಂದ ರೆಸ್ಕ್ಯೂ ಟೀಮ್ ಡಿಎಕ್ಸ್. ಮಾಡಿದವರು ಸ್ಪೈಕ್ ಚುನ್‌ಸಾಫ್ಟ್. ಶುರುವಿನಲ್ಲಿ ಗೇಮ್ ನಿಮ್ಮ ಸ್ವಭಾವದ ಬಗ್ಗೆ ಪ್ರಶ್ನೆ ಕೇಳುತ್ತದೆ. ಉತ್ತರ ನೋಡಿ, 16 ಪೋಕೆಮಾನ್‌ಗಳಲ್ಲಿ ನೀನು ಇದು ಅನ್ನುತ್ತದೆ. ಕಣ್ಣು ತೆರೆದರೆ ನೀವು ಮನುಷ್ಯರಲ್ಲ. ನನಗೆ ಬಂದದ್ದು ಕ್ಯುಬೋನ್.

ಕ್ಯುಬೋನ್ ಗೊತ್ತಲ್ವಾ? ಸತ್ತ ತಾಯಿಯ ತಲೆಬುರುಡೆಯನ್ನು ತಲೆಗೆ ಹಾಕಿಕೊಂಡು ತಿರುಗುವ ಮರಿ. ಮುಖ್ಯ ಗೇಮ್‌ಗಳಲ್ಲಿ ಅದನ್ನು ಹಿಡಿದು ಬಾಕ್ಸಿನಲ್ಲಿ ಬಿಟ್ಟು ಮುಂದೆ ಹೋಗುತ್ತೇವೆ. ಇಲ್ಲಿ ಆ ಮರಿಯೇ ನಾನು. ಹೆಜ್ಜೆ ಹೆಜ್ಜೆಗೂ ಹೊಟ್ಟೆ ಖಾಲಿಯಾಗುತ್ತಾ ಬರುತ್ತದೆ, ಸೇಬು ಇಲ್ಲದಿದ್ದರೆ ಆಟವೇ ಮುಗಿಯಿತು. ಡಂಜನ್ ಅಂದರೆ ಚಕ್ರವ್ಯೂಹದಂಥ ಜಾಗ, ಅದರ ಅಂತಸ್ತುಗಳು ಪ್ರತಿ ಸಲ ಬೇರೆಯಾಗಿಯೇ ಹುಟ್ಟುತ್ತವೆ, ದಾರಿ ಬಾಯಿಪಾಠ ಮಾಡಲು ಆಗುವುದಿಲ್ಲ. ನೀವೊಂದು ಹೆಜ್ಜೆ ಇಟ್ಟರೆ ಎದುರಿನವರೂ ಒಂದು ಹೆಜ್ಜೆ ಇಡುತ್ತಾರೆ, ಹಾಗಾಗಿ ನಿಂತು ಯೋಚಿಸಲು ಬೇಕಾದಷ್ಟು ಸಮಯ ಇದೆ. ಮಧ್ಯೆ ಎಲ್ಲೋ ಒಮ್ಮೆ ಕೆಕ್ಲಿಯಾನ್ ಅನ್ನುವ ಪೋಕೆಮಾನ್ ನಡೆಸುವ ಅಂಗಡಿ ಸಿಗುತ್ತದೆ. ದುಡ್ಡು ಕೊಡದೆ ಸಾಮಾನು ಎತ್ತಿಕೊಂಡು ಹೊರಟರೆ ಕೆಕ್ಲಿಯಾನ್‌ಗಳ ಹಿಂಡೇ ಬೆನ್ನು ಹತ್ತುತ್ತದೆ, ಮತ್ತು ಅವು ಬಹಳ ಬಲಶಾಲಿ. ತಮ್ಮ ಅದನ್ನು ಪ್ರಯತ್ನಿಸಿಯೇ ತೀರುತ್ತೇನೆ ಅಂದ. ಇಲ್ಲಿ ನೋಡಿ, ಪಾರಾಗುವ ಮೆಟ್ಟಿಲು ಎರಡೇ ಚೌಕ ದೂರದಲ್ಲಿದ್ದಾಗ ಬಿದ್ದ.

ಹೀಗೆ ಬಿದ್ದಾಗ ಏನಾಗುತ್ತದೆ ಅನ್ನುವುದೇ ಈ ಗೇಮ್‌ನ ದೊಡ್ಡ ಗುಣ. ಸೋತು ವಾಪಸ್ ಬಂದರೆ ಕೈಯಲ್ಲಿದ್ದ ದುಡ್ಡು, ಸಾಮಾನು ಹೋಗುತ್ತದೆ. ಅಥವಾ ಬಿದ್ದಲ್ಲೇ ಇದ್ದು ಸಹಾಯ ಕೇಳಬಹುದು. ಗೇಮ್ ಚಿಹ್ನೆಗಳಿಂದ ಮಾಡಿದ ಒಂದು ಕೋಡ್ ಕೊಡುತ್ತದೆ. ಅದನ್ನು ಬೇರೆ ಯಾರಿಗಾದರೂ ಕಳಿಸಿದರೆ, ಅವರು ತಮ್ಮ ಗೇಮ್‌ನಲ್ಲಿ ಅದೇ ಡಂಜನ್‌ಗೆ ಇಳಿದು, ನೀವು ಬಿದ್ದ ಅಂತಸ್ತಿಗೆ ಬಂದು ಎಬ್ಬಿಸುತ್ತಾರೆ. ಮುಖ್ಯ ಗೇಮ್‌ನಲ್ಲಿ ಬೇರೆ ಆಟಗಾರರು ಸಿಕ್ಕಾಗ ಹೆಚ್ಚಾಗಿ ಕಾದಾಡುತ್ತೇವೆ ಇಲ್ಲವೇ ಪೋಕೆಮಾನ್ ಅದಲುಬದಲು ಮಾಡುತ್ತೇವೆ. ಇಲ್ಲಿ ಮುಖ ನೋಡದವರು ನಮಗಾಗಿ ಅಷ್ಟು ದೂರ ಇಳಿದು ಬರುತ್ತಾರೆ. ಕಥೆಯ ಕೊನೆ ನಾನು ಹೇಳುವುದಿಲ್ಲ, ನೀವೇ ಆಡಿ. ಆಡುವಾಗ ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.

ಇಷ್ಟು ಇವತ್ತಿಗೆ. ನಿಮ್ಮಲ್ಲಿ ಯಾರಾದರೂ ರೆಸ್ಕ್ಯೂ ಟೀಮ್ ಡಿಎಕ್ಸ್ ಆಡುತ್ತಾ ಎಲ್ಲಾದರೂ ಬಿದ್ದಿದ್ದರೆ ಕೋಡ್ ಕಳಿಸಿ. ಬಿಸಿಲು ಇಳಿಯುವವರೆಗೆ ನಾವು ಮನೆಯಲ್ಲೇ ಇರುತ್ತೇವೆ, ಸೇಬು ಬೇಕಾದಷ್ಟು ಕೂಡಿಸಿಟ್ಟಿದ್ದೇವೆ. ಕ್ಯುಬೋನ್ ಕರೆದುಕೊಂಡು ಬರುತ್ತೇವೆ.