ಕುಂಟುವ ಕುದುರೆಗೆ ಆಕರ ಕೋಶ ಚಿಕಿತ್ಸೆ: ಸೂಜಿಗೆ ಮೊದಲು, ಸೂಜಿಯ ನಂತರ

ಕೇಳುಗರೆಲ್ಲರಿಗೂ ನಮಸ್ಕಾರ.

ಟಾರು ರಸ್ತೆಯ ಮೇಲೆ ಕುದುರೆ ಹದವಾಗಿ ಓಡುವಾಗ ಗೊರಸಿನ ಸದ್ದು ಟಕ್-ಟಕ್, ಟಕ್-ಟಕ್ ಎಂದು ಒಂದೇ ತೂಕದಲ್ಲಿ ಬೀಳಬೇಕು. ನಡುವೆ ಒಂದು ಹೆಜ್ಜೆಯ ಸದ್ದು ಮೆತ್ತಗಾಯಿತೆಂದರೆ ಆ ಕಾಲಿಗೆ ಕುದುರೆ ಪೂರ್ತಿ ಭಾರ ಕೊಡುತ್ತಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಕುಣಿಗಲ್ ಫಾರಂನ ಲಾಯದವರಿಗೂ, ಮೆರವಣಿಗೆಗೆಂದು ಒಂದೋ ಎರಡೋ ಕುದುರೆ ಇಟ್ಟುಕೊಂಡಿರುವ ಕೋಲಾರ, ಚಿಕ್ಕಬಳ್ಳಾಪುರದ ಮನೆಗಳವರಿಗೂ ಈ ವ್ಯತ್ಯಾಸ ಕಿವಿಯಲ್ಲೇ ಗೊತ್ತಾಗುತ್ತದೆ. ಹೀಗೆ ಕುಂಟುವ ಕುದುರೆಗೆ ಆಕರ ಕೋಶ, ಅಂದರೆ ಸ್ಟೆಮ್ ಸೆಲ್ ಹಾಕಿಸಿದರೆ ಮೂಳೆ ಹೊಸದಾಗಿ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ, ದುಡ್ಡು ಬಿಚ್ಚುವ ಮೊದಲು ಕೆಲವು ಸಂಗತಿ ತಿಳಿದಿರಲೇಬೇಕು.

ಮೊದಲು ಕೋಶದ ವಿಷಯ. ಮೂಳೆ ಮಜ್ಜೆಯಲ್ಲೂ ಕೊಬ್ಬಿನಲ್ಲೂ ಒಂದು ಬಗೆಯ ಕೋಶಗಳಿವೆ. ಪ್ರಯೋಗಾಲಯದಲ್ಲಿ ಅವುಗಳಿಂದ ಮೂಳೆ, ಮೃದ್ವಸ್ಥಿ (ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ), ಕೊಬ್ಬು ಮೂರನ್ನೂ ಬೆಳೆಸಬಹುದು. ಇವಕ್ಕೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು 1991ರಲ್ಲಿ ಹೆಸರಿಟ್ಟವರು ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್. ಈ ಕೋಶಗಳು ಗಾಯದಲ್ಲಿ ತಾವೇ ಮೂಳೆಯಾಗಿ ಕೂರುವುದಕ್ಕಿಂತ, ಉರಿಯೂತ ತಗ್ಗಿಸಿ ಅಕ್ಕಪಕ್ಕದ ಕೋಶಗಳಿಗೆ ದುರಸ್ತಿಯ ಸಂಕೇತ ಕಳುಹಿಸುವುದೇ ಹೆಚ್ಚು ಎಂದು ಮುಂದೆ ಅವರೇ ಆ ಹೆಸರನ್ನು ಬದಲಿಸಬೇಕೆಂದರು. ಅಂದರೆ ಇವು ಗಾರೆ ಕೆಲಸದ ಮೇಸ್ತ್ರಿಯಿದ್ದ ಹಾಗೆ. ಇಟ್ಟಿಗೆ, ಸುಣ್ಣ, ನೀರು ನಾವು ಒದಗಿಸಬೇಕು. ಮುರಿದ ಮೂಳೆ ಅಲುಗಾಡುತ್ತಿದ್ದರೆ ಪ್ಲೇಟು, ಸ್ಕ್ರೂ ಹಾಕಿ ಬಿಗಿ ಮಾಡಲೇಬೇಕು, ಆ ಕೆಲಸವನ್ನು ಯಾವ ಕೋಶವೂ ಮಾಡುವುದಿಲ್ಲ.

ಹಾಗಾಗಿ ನೋವು ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳುವುದು ಮೊದಲ ಕೆಲಸ. ಗಟ್ಟಿ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ಓಡಿಸಿ. ಮುಂಗಾಲಿನ ನೋವಾದರೆ, ನೋವಿನ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ತಾಗುವಾಗ ಕೆಳಗಿಳಿಯುತ್ತದೆ. ಹಿಂಗಾಲಿನದಾದರೆ ಸೊಂಟದ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಇದ್ದಕ್ಕಿದ್ದಂತೆ ಕಾಲೂರಲಾರದಷ್ಟು ಕುಂಟಿದರೆ ಮೊದಲು ಲಾಳ ತೆಗೆಸಿ, ಇಕ್ಕಳದಿಂದ ಗೊರಸಿನ ಸುತ್ತ ಒತ್ತಿಸಿ ನೋಡಿ. ಬಹಳ ಸಲ ಅದು ಗೊರಸಿನೊಳಗಿನ ಕೀವು. ದಾರಿ ಮಾಡಿ ಕೀವು ಹರಿಸಿದರೆ ಒಂದೆರಡು ದಿನದಲ್ಲಿ ಕುದುರೆ ನೆಟ್ಟಗಾಗುತ್ತದೆ. ಅದಕ್ಕೆ ಆಕರ ಕೋಶ ಬೇಕಿಲ್ಲ.

ಗೊರಸಿನಲ್ಲಿ ಏನೂ ಸಿಗದಿದ್ದರೆ ವೈದ್ಯರು ಕೀಲನ್ನು ಸುಮಾರು ಒಂದು ನಿಮಿಷ ಮಡಿಸಿ ಹಿಡಿದು ಓಡಿಸುತ್ತಾರೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರವನ್ನು ಮರಗಟ್ಟಿಸುತ್ತಾರೆ. ಪಾದದ ಹಿಂಭಾಗದ ನರಕ್ಕೆ 2 ಮಿಲಿಲೀಟರಿನಷ್ಟು ಮದ್ದು ಸಾಕು. ಐದು ಹತ್ತು ನಿಮಿಷದಲ್ಲಿ ಕುಂಟು ಹೋದರೆ ನೋವು ಆ ಮಟ್ಟದಲ್ಲಿದೆ. ಆದರೆ ಮೂಳೆ ಬಿರುಕು ಬಿಟ್ಟಿರುವ ಅನುಮಾನವಿದ್ದರೆ ನರ ಮರಗಟ್ಟಿಸಬಾರದು. ನೋವು ತಿಳಿಯದ ಕುದುರೆ ಪೂರ್ತಿ ಭಾರ ಹಾಕುತ್ತದೆ, ಬಿರುಕು ಎರಡು ತುಂಡಾಗುತ್ತದೆ. ಎಕ್ಸ್‌ರೇಯನ್ನೂ ಒಂದೇ ಸಲಕ್ಕೆ ನಂಬಬೇಡಿ. ಸಣ್ಣ ಬಿರುಕು ಮೊದಲ ದಿನ ಕಾಣದೆ, 10ರಿಂದ 14 ದಿನ ಬಿಟ್ಟು ತೆಗೆದ ಚಿತ್ರದಲ್ಲಿ ಕಾಣಿಸುವುದುಂಟು. ಅಷ್ಟು ದಿನ ಕುದುರೆ ಲಾಯದಲ್ಲೇ ಇರಲಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯವರು ಸ್ಥಳೀಯ ಪಶುವೈದ್ಯರ ಚೀಟಿಯೊಂದಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು.

ಇನ್ನು ಇಟ್ಟಿಗೆ, ಸುಣ್ಣದ ಮಾತು. ನಮ್ಮ ಕಡೆಯ ಕುದುರೆಗಳ ಮಟ್ಟಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಕುದುರೆಗೆ ಗೋಧಿ ಬೂಸಾ ಸುರಿಯುವುದು ಪ್ರೀತಿಯಿಂದಲೇ. ಆದರೆ 2 ಕಿಲೋ ಬೂಸಾದಲ್ಲಿ ರಂಜಕ, ಅಂದರೆ ಫಾಸ್ಫರಸ್, ಸುಮಾರು 20 ಗ್ರಾಂ ಇದ್ದರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎರಡು ಮೂರು ಗ್ರಾಂ ಮಾತ್ರ. ಕುದುರೆಯ ಒಟ್ಟು ಮೇವಿನಲ್ಲಿ ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಾಲು ಇರಬೇಕು. ರಂಜಕ ಮೇಲಾದರೆ ದೇಹ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಮ್ಮನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಇಂದು ಈ ಕಾಲು, ನಾಳೆ ಆ ಕಾಲು ಎಂದು ಕುಂಟು ಜಾಗ ಬದಲಿಸುತ್ತದೆ, ಕೊನೆಗೆ ಮುಖದ ಮೂಳೆ ಊದಿಕೊಳ್ಳುತ್ತದೆ. ನೇಪಿಯರ್ ಹುಲ್ಲಿನಂಥ ಮೇವಿನಲ್ಲಿರುವ ಆಕ್ಸಲೇಟ್ ಎಂಬ ಅಂಶ, ಇರುವ ಸ್ವಲ್ಪ ಕ್ಯಾಲ್ಸಿಯಮ್ಮನ್ನೂ ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಹಸುವಿಗೆ ಹೊಂದುವ ಈ ಹುಲ್ಲನ್ನೇ ಕುದುರೆಗೆ ಮೂರು ಹೊತ್ತೂ ಹಾಕಬೇಡಿ. ಕುದುರೆ ಮೆಂತ್ಯೆ ಸೊಪ್ಪು, ಅಂದರೆ ಲೂಸರ್ನ್, ಬೆರೆಸಿ. ಬೂಸಾ ಬಿಡಲಾಗದಿದ್ದರೆ 2 ಕಿಲೋ ಬೂಸಾಕ್ಕೆ 60ರಿಂದ 80 ಗ್ರಾಂ ಮೇವಿನ ದರ್ಜೆಯ ಸುಣ್ಣದ ಕಲ್ಲಿನ ಪುಡಿ ಕಲಸಿ. ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ, ಬಾಯಿ ಸುಡುತ್ತದೆ.

ಜೊತೆಗೆ ನೀರು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಜನರ ಮೂಳೆಗೆ ಏನು ಮಾಡುತ್ತದೆಂದು ನಮಗೆ ಗೊತ್ತೇ ಇದೆ. ದಿನಕ್ಕೆ 25ರಿಂದ 40 ಲೀಟರ್ ಕುಡಿಯುವ ಕುದುರೆಯ ಮೂಳೆಯಲ್ಲೂ ಅದೇ ಫ್ಲೋರೈಡ್ ವರ್ಷಗಟ್ಟಲೆ ಕೂಡುತ್ತದೆ. ಹಲ್ಲಿನಲ್ಲಿ ಕಂದು ಮಚ್ಚೆ, ಕಾಲಿನ ಮೂಳೆಯ ಮೇಲೆ ಗಂಟು, ಬಿಗಿದ ನಡಿಗೆ ಕಂಡರೆ ನೀರನ್ನು ಪರೀಕ್ಷೆಗೆ ಕೊಡಿ. ಮನುಷ್ಯರ ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಅದನ್ನು ಮೀರಿದ್ದರೆ ಮಳೆನೀರೋ ಕೆರೆನೀರೋ ಬೆರೆಸಿ ಕುಡಿಸಿ. ಹಳೆಯ ನೀರು, ಹಳೆಯ ಮೇವು ಹಾಗೇ ಇಟ್ಟುಕೊಂಡು ಕೋಶ ಚುಚ್ಚಿಸುವುದು ತೂತು ಬಿದ್ದ ಕೊಡಕ್ಕೆ ನೀರು ಸೇದಿದಂತೆ.

ಇಷ್ಟಾದ ಮೇಲೂ ಈ ಚಿಕಿತ್ಸೆಗೆ ಹೊಂದುವ ಕುದುರೆಗಳಿವೆ. ತೊಡೆಮೂಳೆಯ ತಳದಲ್ಲಿ, ಸ್ಟೈಫಲ್ ಕೀಲಿನ, ಅಂದರೆ ಹಿಂಗಾಲಿನ ಮಂಡಿಯ, ಒಳಬದಿಯಲ್ಲಿ, ಎಳೆಯ ರೇಸು ತಳಿಯ ಥರೋಬ್ರೆಡ್‌ಗಳಿಗೆ ಮೃದ್ವಸ್ಥಿಯ ಕೆಳಗೆ ಪೊಳ್ಳಾಗುವುದುಂಟು. ಕೀಲಿನೊಳಗೆ ನೋಡುವ ಕೊಳವೆಯಾದ ಕೀಲುದರ್ಶಕದ ನೆರವಿನಿಂದ ಪೊಳ್ಳನ್ನು ಕೆರೆದು ಕೋಶ ತುಂಬುವುದು ಒಂದು ದಾರಿ, ಪೊಳ್ಳಿಗೆ ಅಡ್ಡಲಾಗಿ ಸ್ಕ್ರೂ ಹಾಕುವುದು ಇನ್ನೊಂದು. ಮೂಳೆ ಚೂರು ತೆಗೆದ ಕೀಲು, ಸವೆತ ಆಗತಾನೇ ಆರಂಭವಾದ ಕೀಲು, ಇವೂ ಹೊಂದುತ್ತವೆ. ಮೂಳೆಗೆ ಮೂಳೆ ಉಜ್ಜುವಷ್ಟು ಸವೆದ ಕೀಲಿಗೆ ಖರ್ಚು ಮಾಡುವುದು ಸರಿಯಲ್ಲ.

ಮಜ್ಜೆ ತೆಗೆಯುವುದು ಎದೆಮೂಳೆಯಿಂದ ಅಥವಾ ಸೊಂಟದ ಮೂಳೆಯಿಂದ. ಕುದುರೆಗೆ ಮಂಪರು ಮದ್ದು ಕೊಟ್ಟು, ನಿಂತಲ್ಲೇ, ಚರ್ಮ ಬೋಳಿಸಿ, ತೊಳೆದು, ಮರಗಟ್ಟಿಸಿ ದಪ್ಪ ಸೂಜಿ ಹಾಕುತ್ತಾರೆ. ಎದೆಮೂಳೆಯಾದರೆ ಅಲ್ಟ್ರಾಸೌಂಡ್‌ನಲ್ಲಿ ಆಳ ಅಳೆದು, ಸೂಜಿಯ ಮೇಲೆ ಗುರುತು ಮಾಡಿಕೊಳ್ಳದೆ ಮುಂದುವರಿಯಬಾರದು, ಏಕೆಂದರೆ ಹೃದಯ ಅದರ ಮೇಲೆಯೇ ಇದೆ. ಸಿರಿಂಜಿನಲ್ಲಿ ಹೆಪಾರಿನ್ ಮೊದಲೇ ಇರಬೇಕು, ಇಲ್ಲದಿದ್ದರೆ ಮಜ್ಜೆ ಹೆಪ್ಪುಗಟ್ಟುತ್ತದೆ. ಮೊದಲ 5 ಮಿಲಿಲೀಟರಿನಲ್ಲೇ ಆಕರ ಕೋಶ ಹೆಚ್ಚು. ಒಂದೇ ಕಡೆ ಎಳೆಯುತ್ತಾ ಹೋದರೆ ಬರುವುದು ಬರೀ ರಕ್ತ. ಮಜ್ಜೆಯಲ್ಲಿ ಇಂಥ ಕೋಶ ಹತ್ತು ಸಾವಿರದಿಂದ ಲಕ್ಷಕ್ಕೆ ಒಂದು. ಅದಕ್ಕೇ ಪ್ರಯೋಗಾಲಯದಲ್ಲಿ 37 ಡಿಗ್ರಿ ಬಿಸಿ, ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಎರಡರಿಂದ ನಾಲ್ಕು ವಾರ ಬೆಳೆಸುತ್ತಾರೆ. ಒಂದು ಕೀಲಿಗೆ ಸಾಮಾನ್ಯವಾಗಿ 1ರಿಂದ 2 ಕೋಟಿ ಕೋಶ. ಬಾಲದ ಬುಡದ ಪಕ್ಕದ ಕೊಬ್ಬಿನಿಂದಲೂ ಬೆಳೆಸಬಹುದು. ಬೇರೆ ಕುದುರೆಯ ಕೋಶವಾದರೆ ಕಾಯುವ ಕೆಲಸವಿಲ್ಲ. ಆದರೆ ದಾನಿ ಕುದುರೆಗೆ ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂಬ ರಕ್ತಪರೀಕ್ಷೆ ಕೇಳಿ ನೋಡಿ. ಅದೇ ಬೇರೆ ಕುದುರೆಯ ಕೋಶವನ್ನು ಎರಡನೇ ಸಲ ಹಾಕಿದಾಗ ದೇಹ ತಿರುಗಿಬೀಳುವ ಸಂಭವ ಹೆಚ್ಚು.

ಕೆಡುವುದು ಬಹುತೇಕ ಕೊನೆಯ ಒಂದು ಗಂಟೆಯಲ್ಲಿ. ಕೋಶಗಳಿಗೆ ಜೀವವಿದೆ. ತಂಪು ಪೆಟ್ಟಿಗೆಯಲ್ಲಿ ಬಂದದ್ದನ್ನು ಬಿಸಿಲಲ್ಲಿಟ್ಟರೆ ಸಾಯುತ್ತವೆ, ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಹೆಪ್ಪುಗಟ್ಟಿಸಿದರೂ ಸಾಯುತ್ತವೆ. ತಳಕ್ಕೆ ಕೂತ ಕೋಶಗಳನ್ನು ಮೆಲ್ಲಗೆ ಹೊರಳಿಸಿ ಬೆರೆಸಬೇಕು, ಕುಲುಕಬಾರದು. ತೀರ ಸಣ್ಣ ಸೂಜಿಯಲ್ಲಿ ರಭಸದಿಂದ ಒತ್ತಿದರೆ ಜಜ್ಜಿಹೋಗುತ್ತವೆ. ಮರಗಟ್ಟಿಸುವ ಮದ್ದೂ, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಪ್ರತಿಜೀವಕಗಳೂ ಕೋಶಗಳಿಗೆ ವಿಷ. ಕಾಪಾಡುವ ಎಚ್ಚರದಿಂದಲೇ ಕೆಲವರು ಪ್ರತಿಜೀವಕವನ್ನು ಅದೇ ಸಿರಿಂಜಿಗೆ ಬೆರೆಸುತ್ತಾರೆ, ಆಗ ಕೀಲಿಗೆ ಹೋಗುವುದು ಸತ್ತ ಕೋಶ.

ಚುಚ್ಚಿದ ಮೊದಲ ಎರಡು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. ಕೀಲು ತುಸು ಊದಿ, ನಡಿಗೆ ಬಿಗಿದು, ತಾನೇ ಇಳಿಯುವುದುಂಟು. ಆದರೆ ಕಾಲನ್ನು ನೆಲಕ್ಕೆ ಊರದಿದ್ದರೆ, ಅಥವಾ ಜ್ವರ 38.5 ಡಿಗ್ರಿ, ಅಂದರೆ ಫ್ಯಾರನ್‌ಹೀಟ್ 101.3 ದಾಟಿದರೆ, ಕೀಲಿಗೆ ಸೋಂಕು ತಗುಲಿದೆ ಎಂದೇ ತಿಳಿದು ಆ ಗಂಟೆಯಲ್ಲೇ ವೈದ್ಯರನ್ನು ಕರೆಸಿ. ಬೆಳಗಾಗಲಿ ಎಂದು ಕಾದರೆ ಕೀಲೇ ಹೋಗುತ್ತದೆ.

ಫಲ ಎಷ್ಟು? ಸ್ಟೈಫಲ್ ಕೀಲಿನ 33 ಕುದುರೆಗಳಿಗೆ ಶಸ್ತ್ರಚಿಕಿತ್ಸೆಯ ಜೊತೆ ಕೋಶ ಹಾಕಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಯಾವುದಾದರೂ ಮಟ್ಟದ ಕೆಲಸಕ್ಕೆ ಮರಳಿದವು. ಮೊದಲಿನ ಮಟ್ಟಕ್ಕೇ ಮರಳಿದವು ಅರ್ಧಕ್ಕಿಂತ ಕಡಿಮೆ. ಯುರೋಪಿನಲ್ಲಿ 2019ರಲ್ಲಿ ಕುದುರೆಯ ಕೀಲು ಕುಂಟಿಗೆ ಆಕರ ಕೋಶದ ಔಷಧಿಗೆ ಒಪ್ಪಿಗೆ ಸಿಕ್ಕಿತು, ಅದೂ ಸಾಧಾರಣ ಮಟ್ಟದ ಕುಂಟಿಗೆ. ಮೂಳೆಯ ತೊಂದರೆಗಿಂತ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು (ಟೆಂಡನ್) ಹರಿದದ್ದಕ್ಕೆ ಇದರ ಪುರಾವೆ ಗಟ್ಟಿ ಎನ್ನುವುದನ್ನೂ ಹೇಳಬೇಕು.

ಆಮೇಲಿನದು ತಾಳ್ಮೆಯ ಕೆಲಸ, ಅದು ಲಾಯದವರ ಕೈಯಲ್ಲಿದೆ. ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲ ಎರಡು ವಾರ ಲಾಯದಲ್ಲೇ ವಿಶ್ರಾಂತಿ, ಕಾಳು ಕಡಿಮೆ, ಹುಲ್ಲು ಹೆಚ್ಚು. ಮೂರನೇ ವಾರದಿಂದ ಕೈಯಲ್ಲಿ ಹಿಡಿದು 5 ನಿಮಿಷ, ಆಮೇಲೆ 10 ನಿಮಿಷ ನಡಿಗೆ, ವಾರಕ್ಕೆ 5 ನಿಮಿಷದಂತೆ ಏರಿಕೆ. ಓಟ ಎರಡು ಮೂರು ತಿಂಗಳಾದ ಮೇಲೆ, ಎಕ್ಸ್‌ರೇ ನೋಡಿಯೇ. ಸವಾರಿಗೆ ಬಿಡಲು ಆರು ತಿಂಗಳೂ ಆಗಬಹುದು. ನೋವಿಲ್ಲದ ಕಾಲಿನ ಗೊರಸನ್ನು ದಿನವೂ ಮುಟ್ಟಿ ನೋಡಿ. ಎಲ್ಲ ಭಾರ ಹೊತ್ತ ಕಾಲಿನ ಗೊರಸು ಬಿಸಿಯಾಗಿ, ಗೊರಸಿನ ಮೇಲಿನ ನಾಡಿ ಜೋರಾಗಿ ಬಡಿಯತೊಡಗಿದರೆ ಅಲ್ಲಿ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ, ಶುರುವಾಗಿದೆ. ನಡಿಗೆಯ ಯಾವುದೇ ವಾರದಲ್ಲಿ ತಲೆ ಮತ್ತೆ ಎಗರಿದರೆ ಎರಡು ದಿನ ನಿಲ್ಲಿಸಿ, ಹಿಂದಿನ ವಾರದ ನಿಮಿಷಗಳಿಂದ ಮತ್ತೆ ಆರಂಭಿಸಿ, ವೈದ್ಯರಿಗೆ ತಿಳಿಸಿ. ನಮಸ್ಕಾರ.