ಮೆಷಿನ್ ಅಟ್ಟ ಸೇರುವ ಮೊದಲು

ಎಲ್ಲರಿಗೂ ನಮಸ್ಕಾರ. ಮಂಡ್ಯದವರ ಜೊತೆ ಮದ್ದೂರು, ಶ್ರೀರಂಗಪಟ್ಟಣದಿಂದಲೂ ಬಂದಿದ್ದೀರಿ. ಮನೆಯವರನ್ನೂ ಕರೆತಂದಿದ್ದೀರಿ, ಬಹಳ ಸಂತೋಷ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಕಾಯಿಲೆ, ಮೊದಲು ಗೊತ್ತಾಗುವುದೇ ಪಕ್ಕದಲ್ಲಿ ಮಲಗುವವರಿಗೆ. ಜೋರು ಗೊರಕೆ, ಇದ್ದಕ್ಕಿದ್ದ ಹಾಗೆ ಸದ್ದಿಲ್ಲ, ಆಮೇಲೆ ಉಸಿರಿಗೆ ಒದ್ದಾಟ. ಮಲಗಿದವರಿಗೆ ಇದು ನೆನಪೇ ಇರುವುದಿಲ್ಲ. ಬೆಳಿಗ್ಗೆ ತಲೆನೋವು, ದಿನವಿಡೀ ತೂಕಡಿಕೆ, ಅಷ್ಟೇ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಒಂದು ಸಲ ಎಂದು ಲೆಕ್ಕ. ನಿಮ್ಮ ನಿದ್ದೆ ಪರೀಕ್ಷೆಯ ರಿಪೋರ್ಟಿನಲ್ಲಿ ಎಎಚ್‌ಐ ಅಂತ ಇರುವುದು, ಗಂಟೆಗೆ ಹೀಗೆ ಎಷ್ಟು ಸಲ ಆಗುತ್ತದೆ ಅನ್ನುವುದು. 30 ದಾಟಿದರೆ ತೀವ್ರ. ಎಷ್ಟು ಮಾತ್ರೆ ಬದಲಿಸಿದರೂ ಬಿಪಿ ಇಳಿಯದವರು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಾಡಿ ಓಡಿಸುವಾಗ ಕಣ್ಣು ಎಳೆಯುವವರು ಪರೀಕ್ಷೆಯನ್ನು ಮುಂದೂಡಬೇಡಿ.

ಇದಕ್ಕೆ ರಾತ್ರಿ ಹಾಕಿಕೊಳ್ಳಲು ಕೊಡುವ ಮೆಷಿನ್ ಸಿಪ್ಯಾಪ್. ಅದರ ಬಗ್ಗೆ ಒಂದು ಭಯ ಬಿಡಿ. ಅದು ಆಕ್ಸಿಜನ್ ಮೆಷಿನ್ ಅಲ್ಲ. ಕೊನೆಗಾಲದವರಿಗೆ ಹಾಕುವುದೂ ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಪೈಪ್, ಮಾಸ್ಕ್ ಮೂಲಕ ಕಳಿಸಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಯವರು 1981ರಲ್ಲೇ ಇದರ ಬಗ್ಗೆ ಬರೆದರು.

ಆದರೂ ಎಷ್ಟೋ ಮನೆಗಳಲ್ಲಿ ಮೆಷಿನ್ ಅಟ್ಟ ಸೇರಿದೆ. ನನಗೆ ನೋವಾಗುವುದು ಇದಕ್ಕೇ. ಬಿಟ್ಟವರನ್ನು ಕೇಳಿದರೆ ಕಾರಣ ಬಹುತೇಕ ಮಾಸ್ಕ್, ಇಲ್ಲವೇ ಒಣ ಮೂಗು. ಎರಡನ್ನೂ ಸರಿಮಾಡಬಹುದು.

ಗಾಳಿ ಸೋರುತ್ತದೆ ಅಂತ ಸ್ಟ್ರಾಪ್ ಬಿಗಿ ಮಾಡುತ್ತೀರಿ, ಅಲ್ವಾ? ಬಿಗಿ ಜಾಸ್ತಿಯಾದರೆ ಮೆತ್ತನೆಯ ಅಂಚು ಮಡಚಿ ಇನ್ನೂ ಸೋರುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ. ಕೂತು ಅಳತೆ ನೋಡಬೇಡಿ. ಮಲಗಿದಾಗ ಮುಖದ ಆಕಾರವೇ ಬೇರೆ. ಮಲಗಿ, ಮೆಷಿನ್ ಶುರು ಮಾಡಿ, ಆಮೇಲೆ ಸ್ಟ್ರಾಪ್ ಸರಿಮಾಡಿ. ದಪ್ಪ ಮೀಸೆಯವರಿಗೆ ಮೂಗಿನ ಹೊಳ್ಳೆಗೆ ಕೂರುವ ಚಿಕ್ಕ ಮಾಸ್ಕ್ ಚೆನ್ನಾಗಿ ಒಗ್ಗಬಹುದು, ಮೀಸೆ ತೆಗೆಯಬೇಕಾಗಿಲ್ಲ. ಬಾಯಿ ತೆರೆದು ಮಲಗುವವರಿಗೆ ಬಾಯಿ, ಮೂಗು ಎರಡನ್ನೂ ಮುಚ್ಚುವಂಥದ್ದು ಕೇಳಿ. ಮಾಸ್ಕಿನಲ್ಲಿ ಸಣ್ಣ ತೂತುಗಳಿರುತ್ತವೆ. ನೀವು ಬಿಟ್ಟ ಉಸಿರು ಹೊರಹೋಗುವುದೇ ಅಲ್ಲಿಂದ. ಸೋರಿಕೆ ಅಂದುಕೊಂಡು ದಯವಿಟ್ಟು ಟೇಪ್ ಅಂಟಿಸಬೇಡಿ.

ಉಸಿರು ಕಟ್ಟಿದ ಹಾಗೆ ಅನ್ನಿಸಿದರೆ ಮೊದಲು ಹಗಲು ಹೊತ್ತು, ಟಿವಿ ನೋಡುತ್ತಾ ಸ್ವಲ್ಪ ಹೊತ್ತು ಹಾಕಿಕೊಳ್ಳಿ. ಒತ್ತಡ ನಿಧಾನಕ್ಕೆ ಏರುವ ಸೆಟ್ಟಿಂಗ್ ಇದೆ, ರ‍್ಯಾಂಪ್ ಅಂತ, ಅದನ್ನು ಬಳಸಿ. ಹೊಟ್ಟೆ ಉಬ್ಬರಿಸಿದರೆ ಡಾಕ್ಟರಿಗೆ ಹೇಳಿ. ಒತ್ತಡವನ್ನು ನೀವೇ ಬದಲಿಸಬೇಡಿ.

ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇದೆ. ಅದಕ್ಕೆ ಬೋರ್ ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಬದಲಿಸಿ. ಧನುರ್ಮಾಸದ ಚಳಿಯಲ್ಲಿ ಪೈಪಿನಲ್ಲಿ ನೀರು ಕಟ್ಟಿ ಮುಖಕ್ಕೆ ಹನಿಯಬಹುದು. ಪೈಪನ್ನು ರಗ್ಗಿನೊಳಗೆ ಹಾಯಿಸಿಕೊಳ್ಳಿ. ಆಲೆಮನೆ ಹತ್ತಿರ ಇರುವವರು ಫಿಲ್ಟರನ್ನು ಆಗಾಗ ತೆಗೆದು ನೋಡಿ, ಹೊಗೆ ಮಸಿ ಬೇಗ ಕಟ್ಟುತ್ತದೆ.

ಕರೆಂಟ್ ಹೋದರೆ ಅಂತ ಹಳ್ಳಿಯವರು ಕೇಳುತ್ತಾರೆ. ಇನ್ವರ್ಟರ್ ಇದ್ದರೆ ಸಾಕು. ಹ್ಯೂಮಿಡಿಫೈಯರಿನ ಬಿಸಿ ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ಇಲ್ಲಿ ಜಮಖಾನ ಹಾಸಿದ್ದೇವೆ. ಮಾಸ್ಕ್ ತಂದವರು ಒಬ್ಬೊಬ್ಬರೇ ಬನ್ನಿ, ಮಲಗಿಯೇ ಹಾಕಿ ನೋಡೋಣ. ಮನೆಯವರೂ ಜೊತೆಗೆ ಬನ್ನಿ.