ಹೂಮಳೆಯ ಗುಡುಗು, ಮಳೆಗಾಲದ ಶೀತ ಮತ್ತು ಮನೆಯ ಟಿ.ವಿ.

ಕೊಡಗಿನ ಕೇಳುಗರಿಗೆ ನಮಸ್ಕಾರ. ಮನೆಯ ಟಿ.ವಿ. ಹೆಚ್ಚು ಕಾಲ ಬಾಳುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಟಿ.ವಿ.ಯಲ್ಲಿ ಮಾತು ಕೇಳಿಸುತ್ತಿದೆ, ಚಿತ್ರ ಮಾತ್ರ ಇಲ್ಲ. ಪರದೆ ಪೂರ್ತಿ ಕಪ್ಪು. ಹೀಗಾದಾಗ ‘ಪ್ಯಾನೆಲ್ ಹೋಯ್ತು’, ಅಂದರೆ ಚಿತ್ರ ಮೂಡುವ ಪರದೆಯೇ ಕೆಟ್ಟಿತು ಎಂದುಕೊಂಡು ಹೊಸ ಟಿ.ವಿ. ಬೆಲೆ ವಿಚಾರಿಸಲು ಹೊರಡುವವರೇ ಹೆಚ್ಚು. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, ಟಿ.ವಿ. ಚಾಲೂ ಇರುವಾಗಲೇ ಟಾರ್ಚನ್ನು ಪರದೆಯಿಂದ ನಾಲ್ಕು ಬೆರಳು ದೂರದಲ್ಲಿ ಓರೆಯಾಗಿ ಹಿಡಿದು ನೋಡಿ. ಬೆಳಕು ಬಿದ್ದ ಜಾಗದಲ್ಲಿ ಚಿತ್ರ ಮಸುಕು ಮಸುಕಾಗಿ ಚಲಿಸುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ. ಕೆಟ್ಟಿರುವುದು ಅದರ ಬೆನ್ನಿಗಿರುವ ದೀಪ ಅಥವಾ ಆ ದೀಪಕ್ಕೆ ಕರೆಂಟ್ ಕೊಡುವ ಭಾಗ. ಎರಡೂ ರಿಪೇರಿ ಆಗುವಂಥವು.

ನಾವು ಎಲ್.ಇ.ಡಿ. ಟಿ.ವಿ. ಎನ್ನುವುದರ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಪಟ್ಟಿಗಳ ಮೇಲೆ ಸಣ್ಣ ಸಣ್ಣ ಎಲ್.ಇ.ಡಿ. ದೀಪಗಳನ್ನು ಕೂರಿಸಿರುತ್ತಾರೆ. ಇದೇ ಬ್ಯಾಕ್‌ಲೈಟ್. ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ಟಿನ ಹಾಗೆ ಇವು ಒಂದರ ಬಾಲಕ್ಕೆ ಒಂದು ಸೇರಿಕೊಂಡಿರುತ್ತವೆ. ಒಂದು ದೀಪದ ಒಳಗಿನ ಸಂಪರ್ಕ ಕಡಿದರೆ ಇಡೀ ಸಾಲು ಆರುತ್ತದೆ, ಹೆಚ್ಚಿನ ಸೆಟ್ಟುಗಳಲ್ಲಿ ಪರದೆಯೇ ಕತ್ತಲಾಗುತ್ತದೆ. ಈ ದೀಪಗಳನ್ನು ಬೇಗ ಮುದಿ ಮಾಡುವುದು ಅವುಗಳ ಮೂಲಕ ಹರಿಯುವ ಕರೆಂಟು ಮತ್ತು ಅದರಿಂದ ಹುಟ್ಟುವ ಬಿಸಿ. ಅಂಗಡಿಯ ಝಗಮಗ ಬೆಳಕಿನಲ್ಲಿ ಎದ್ದು ಕಾಣಲೆಂದು ಎಷ್ಟೋ ಸೆಟ್ಟುಗಳಲ್ಲಿ ಬ್ಯಾಕ್‌ಲೈಟನ್ನು ತುದಿಗೆ ಏರಿಸಿಟ್ಟಿರುತ್ತಾರೆ. ಮನೆಗೆ ತಂದ ಮೇಲೂ ಅದು ಹಾಗೆಯೇ ಉರಿಯುತ್ತಿರುತ್ತದೆ.

ಆದ್ದರಿಂದ ಇವತ್ತೇ ಮಾಡಬಹುದಾದ, ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ರಿಮೋಟಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡ್ ತೆರೆಯಿರಿ. ‘ವಿವಿಡ್’ ಅಥವಾ ‘ಡೈನಾಮಿಕ್’ ಎಂದಿದ್ದರೆ ‘ಸ್ಟ್ಯಾಂಡರ್ಡ್’ ಅಥವಾ ‘ಸಿನೆಮಾ’ ಮಾಡಿ. ಆಮೇಲೆ ‘ಬ್ಯಾಕ್‌ಲೈಟ್’ ಎಂಬುದನ್ನು ಹುಡುಕಿ 100ರಿಂದ 50 ಅಥವಾ 60ಕ್ಕೆ ಇಳಿಸಿ. ಇಲ್ಲೊಂದು ಗೊಂದಲವಿದೆ. ಹಲವು ಸೆಟ್ಟುಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ದೀಪವನ್ನು ಮುಟ್ಟುವುದೇ ಇಲ್ಲ, ಚಿತ್ರದ ಕಪ್ಪನ್ನು ಮಾತ್ರ ಏರಿಸಿ ಇಳಿಸುತ್ತದೆ. ಕೆಲವು ಹೊಸ ಸೆಟ್ಟುಗಳಲ್ಲಿ ಅದೇ ಹೆಸರು ದೀಪಕ್ಕಿರುತ್ತದೆ. ಗುರುತು ಹಿಡಿಯುವುದು ಸುಲಭ: ಪೂರ್ತಿ ಕೆಳಗಿಳಿಸಿ ನೋಡಿ. ಬಿಳಿ ಬಟ್ಟೆಯೂ ಮಂಕಾದರೆ ಅದು ದೀಪ. ಬಿಳಿ ಹೆಚ್ಚುಕಡಿಮೆ ಹಾಗೇ ಉಳಿದು, ಕಪ್ಪು ಕೂದಲು ಕತ್ತಲಲ್ಲಿ ಕರಗಿಹೋದರೆ ಅದು ದೀಪವಲ್ಲ. ಜೂನ್‌ನಿಂದ ಸೆಪ್ಟೆಂಬರಿನ ತನಕ ನಮ್ಮ ಮನೆಗಳ ಒಳಗೆ ಹಗಲೇ ಮಬ್ಬು. ಆಗ ಬ್ಯಾಕ್‌ಲೈಟ್ 40 ಇದ್ದರೂ ಕಣ್ಣಿಗೆ ಸಾಕು, ಹಿತವೂ ಹೌದು.

ಬಿಸಿಯಿಂದ ಪೆಟ್ಟು ತಿನ್ನುವ ಇನ್ನೊಂದು ಭಾಗ, ಟಿ.ವಿ.ಯೊಳಗೆ ಕರೆಂಟ್ ಹಂಚುವ ಪವರ್ ಬೋರ್ಡಿನ ಕೆಪಾಸಿಟರುಗಳು. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ಸಣ್ಣ ಡಬ್ಬಿಯಂತಿರುವ ಇವುಗಳ ಒಳಗೆ ದ್ರವ ಇರುತ್ತದೆ, ಬಿಸಿಗೆ ಅದು ನಿಧಾನವಾಗಿ ಇಂಗುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ದರ್ಜೆಯ ಕೆಪಾಸಿಟರಿಗೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆಯ ಆಯುಸ್ಸು. ಬಿಸಿ 10 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಅದರಂತೆ 75 ಡಿಗ್ರಿಯಲ್ಲಿ 16,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ 6 ಗಂಟೆ ಟಿ.ವಿ. ನೋಡುವ ಮನೆಯಲ್ಲಿ ಮೊದಲನೆಯದು ಸುಮಾರು 7 ವರ್ಷ, ಎರಡನೆಯದು 14 ವರ್ಷ. ಬರೀ 10 ಡಿಗ್ರಿಯ ವ್ಯತ್ಯಾಸಕ್ಕೆ ಇಷ್ಟು! ಹಾಗಾಗಿ ಟಿ.ವಿ.ಯನ್ನು ಮರದ ಗೂಡಿನೊಳಗೆ ಬಿಗಿಯಾಗಿ ಕೂರಿಸಬೇಡಿ. ಹಿಂದೆ ಮತ್ತು ಮೇಲೆ ಕನಿಷ್ಠ 10 ಸೆಂಟಿಮೀಟರ್ ಗಾಳಿ ಆಡಲಿ. ಸೆಟ್ ಟಾಪ್ ಬಾಕ್ಸನ್ನು ಟಿ.ವಿ.ಯ ಬೆನ್ನಿಗೆ ಅಂಟಿಸಬೇಡಿ, ಅದರ ಬಿಸಿಯೂ ಇದಕ್ಕೇ ಸೇರುತ್ತದೆ. ಅಗ್ಗಿಷ್ಟಿಕೆಯ ಮೇಲಿನ ಗೋಡೆ ಟಿ.ವಿ.ಗೆ ಒಪ್ಪುವ ಜಾಗದಂತೆ ಕಾಣುತ್ತದೆ. ಆದರೆ ಬಿಸಿ, ಹೊಗೆ, ಮಸಿ ಮೂರೂ ಒಟ್ಟಿಗೆ ಸಿಗುವ ಜಾಗ ಅದು.

ಈಗ ಕೊಡಗಿನಲ್ಲಿ ಟಿ.ವಿ.ಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರೋಣ. ಅದು ಹೊರಗಿನಿಂದ ಬರುವ ಕರೆಂಟು. ನಮ್ಮ ವಿದ್ಯುತ್ ಲೈನುಗಳು ಕಾಫಿ ತೋಟದ ನಡುವೆ, ಸಿಲ್ವರ್ ಓಕ್ ಮರಗಳ ಪಕ್ಕದಲ್ಲೇ ಹಾದು ಬರುತ್ತವೆ. ಗಾಳಿಗೆ ಕೊಂಬೆ ಬಿದ್ದು ಕರೆಂಟು ಹೋಗುವುದರಿಂದ ಟಿ.ವಿ.ಗೆ ಅಪಾಯ ಕಡಿಮೆ. ಅಪಾಯ ಇರುವುದು ನ್ಯೂಟ್ರಲ್, ಅಂದರೆ ಕರೆಂಟು ಹಿಂತಿರುಗುವ ತಂತಿ ಕಡಿದಾಗ. ಒಂದೇ ಟ್ರಾನ್ಸ್‌ಫಾರ್ಮರಿನ ಬೇರೆ ಬೇರೆ ಫೇಸುಗಳಲ್ಲಿ (ಕರೆಂಟು ತರುವ ತಂತಿಗಳಲ್ಲಿ) ಇರುವ ಮನೆಗಳು ಆಗ ಒಂದಕ್ಕೊಂದು ಸರಣಿಯಲ್ಲಿ ಸೇರಿದಂತಾಗುತ್ತವೆ. ಪಕ್ಕದ ಮನೆಯಲ್ಲಿ ಗೀಸರ್ ಓಡುತ್ತಿದ್ದು, ನಿಮ್ಮಲ್ಲಿ ಒಂದು ಬಲ್ಬು, ಒಂದು ಟಿ.ವಿ. ಮಾತ್ರ ಇದ್ದರೆ, ವೋಲ್ಟೇಜು ನಿಮ್ಮ ಕಡೆಗೆ ವಾಲುತ್ತದೆ. 230 ಇರಬೇಕಾದಲ್ಲಿ 400ರ ಹತ್ತಿರಕ್ಕೂ ಹೋಗಬಹುದು. ಟಿ.ವಿ.ಯ ಮುಖ್ಯ ಕೆಪಾಸಿಟರು ತಾಳಿಕೊಳ್ಳುವುದು ಸಾಮಾನ್ಯವಾಗಿ 400 ಅಥವಾ 450 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟು). ಆದರೆ ಲೈನಿನ 400 ವೋಲ್ಟ್ ಎ.ಸಿ. (ದಿಕ್ಕು ಬದಲಿಸುತ್ತಿರುವ ಕರೆಂಟು) ಒಳಗೆ ಬಂದು ಡಿ.ಸಿ. ಆದಾಗ 560 ದಾಟುತ್ತದೆ. ಕೆಪಾಸಿಟರು ಸಿಡಿಯಲು ಅಷ್ಟು ಸಾಕು.

ಬಲ್ಬು ಒಮ್ಮೆ ಇದ್ದಕ್ಕಿದ್ದಂತೆ ಪ್ರಖರವಾಗಿ, ಮತ್ತೊಮ್ಮೆ ಮಂಕಾಗಿ ಉರಿದರೆ, ಫ್ಯಾನು ತಾನಾಗಿ ಜೋರಾದರೆ ತಡ ಮಾಡಬೇಡಿ, ಮೇನ್ ಸ್ವಿಚ್ ಇಳಿಸಿ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಆದರೆ ಮನೆಯಲ್ಲಿ ಯಾರೂ ಇಲ್ಲದಾಗ? ಅದಕ್ಕೆ ಮೀಟರ್ ಬೋರ್ಡಿನಲ್ಲಿ ಹೆಚ್ಚು-ಕಡಿಮೆ ವೋಲ್ಟೇಜಿಗೆ ಕಟ್ ಆಗುವ ಪ್ರೊಟೆಕ್ಟರ್ ಹಾಕಿಸಿ. ಮೇಲಿನ ಮಿತಿ 260, ಕೆಳಗಿನ ಮಿತಿ 170, ಮತ್ತೆ ಸೇರಿಕೊಳ್ಳುವ ಮೊದಲು 3 ನಿಮಿಷದ ವಿರಾಮ ಇಡಿಸಿ. ಕಡಿಮೆ ವೋಲ್ಟೇಜಿಗೆಂದು ದೊಡ್ಡ ಸ್ಟೆಬಿಲೈಸರ್ ಕೊಳ್ಳುವ ಮುನ್ನ ಟಿ.ವಿ.ಯ ಬೆನ್ನ ಮೇಲಿನ ಚೀಟಿ ಓದಿ. 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಕಡಿಮೆ ವೋಲ್ಟೇಜನ್ನು ಅದು ತಾನೇ ಸಂಭಾಳಿಸಿಕೊಳ್ಳುತ್ತದೆ. ಕಾಯಬೇಕಾದದ್ದು ಹೆಚ್ಚಿನ ವೋಲ್ಟೇಜಿನಿಂದ.

ಇನ್ನು ಸಿಡಿಲು. ಕಾಫಿ ಗಿಡ ಹೂಬಿಡಲು ಹೂಮಳೆ ಬೇಕು, ಆದರೆ ಅದು ಬರುವುದು ಗುಡುಗಿನ ಜೊತೆ. ಮಾರ್ಚಿನಿಂದ ಮೇ, ಮತ್ತೆ ಅಕ್ಟೋಬರಿನ ಸಂಜೆಗಳು ಟಿ.ವಿ.ಗೆ ಕಷ್ಟದ ಕಾಲ. ಸ್ವಿಚ್ ಆರಿಸಿದರೆ ಸಾಲದು. ಮೈಲುಗಟ್ಟಲೆ ಗಾಳಿಯಲ್ಲಿ ಹಾರಿಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರಿನ ಸಂದು ಯಾವ ಲೆಕ್ಕ? ಪ್ಲಗ್ಗನ್ನೇ ಕೀಳಬೇಕು. ಬಹಳಷ್ಟು ಮನೆಗಳಲ್ಲಿ ಅಷ್ಟು ಮಾಡಿ ಡಿಶ್ಶಿನ ಕೇಬಲನ್ನು ಮರೆಯುತ್ತಾರೆ. ಛಾವಣಿಯ ಡಿಶ್ಶಿನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್.ಡಿ.ಎಂ.ಐ. ತಂತಿಯಲ್ಲಿ ನೇರ ಟಿ.ವಿ.ಯ ಮದರ್‌ಬೋರ್ಡಿಗೆ ಪೆಟ್ಟು ಬರುತ್ತದೆ. ಟಿ.ವಿ. ಆನ್ ಆಗುತ್ತದೆ, ಬಾಕ್ಸ್ ಸಿಕ್ಕಿಸಿದ ಎಚ್.ಡಿ.ಎಂ.ಐ. ಕಿಂಡಿಯಲ್ಲಿ ಮಾತ್ರ ‘ನೋ ಸಿಗ್ನಲ್’ ಎಂದರೆ ಕಾರಣ ಹೆಚ್ಚಾಗಿ ಇದೇ. ಇಂಟರ್‌ನೆಟ್ ತಂತಿ ಟಿ.ವಿ.ಗೆ ಸೇರಿದ್ದರೆ ಅದನ್ನೂ ಬಿಡಿಸಿ.

ಯಾವಾಗ ಕೀಳಬೇಕು? ಮಿಂಚು ಕಂಡು ಗುಡುಗು ಕೇಳುವ ತನಕ ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. ಗುಡುಗು ಇನ್ನೂ ದೂರದಲ್ಲಿ ಗೊಣಗುತ್ತಿರುವಾಗಲೇ, ಎಣಿಕೆ 30ಕ್ಕೆ ಇಳಿಯುವ ಮೊದಲೇ, ಈ ಕೆಲಸ ಮುಗಿದಿರಬೇಕು. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ದಯವಿಟ್ಟು ತಂತಿ ಮುಟ್ಟಬೇಡಿ. ಟಿ.ವಿ. ಹೋದರೆ ಹೋಗಲಿ, ಮನುಷ್ಯರು ಉಳಿಯಬೇಕು. ಡಿಶ್ಶಿನ ಕಂಬವನ್ನೂ ಕೇಬಲಿನ ಹೊರಕವಚವನ್ನೂ ಮನೆಯ ಅರ್ತಿಂಗಿಗೇ ಸೇರಿಸಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ. ಡಿಶ್ಶಿಗೆ ಬೇರೆಯೇ ಗುಂಡಿ ತೋಡಿ ಅರ್ತ್ ಮಾಡಿ ಹಾಗೇ ಬಿಟ್ಟರೆ, ಹತ್ತಿರ ಸಿಡಿಲು ಬಿದ್ದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ಅಂತರ ಹುಟ್ಟುತ್ತದೆ. ಆ ಎರಡರ ಮಧ್ಯೆ ಸಿಕ್ಕಿಕೊಳ್ಳುವುದು ನಿಮ್ಮ ಸೆಟ್ಟು.

ಪ್ಲಗ್ ಕೀಳುವ ವಿಷಯದಲ್ಲಿ ಓ.ಎಲ್.ಇ.ಡಿ. ಟಿ.ವಿ. ಇರುವವರಿಗೆ ಒಂದು ಮಾತು ಬೇರೆ. ಅದರಲ್ಲಿ ಬ್ಯಾಕ್‌ಲೈಟ್ ಇಲ್ಲ, ಪರದೆಯ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ತಾನೇ ಸವೆಯುತ್ತದೆ. ಒಟ್ಟು ಕೆಲವು ಗಂಟೆ ನೋಡಿದ ಮೇಲೆ, ರಿಮೋಟಿನಲ್ಲಿ ಆರಿಸಿದಾಗ, ಸವೆತವನ್ನು ಸರಿದೂಗಿಸುವ ಕೆಲಸವನ್ನು ಅದು ಸದ್ದಿಲ್ಲದೆ ಮಾಡಿಕೊಳ್ಳುತ್ತದೆ. ಆಗ ಗೋಡೆಯ ಸ್ವಿಚ್ ಆರಿಸಿಬಿಟ್ಟರೆ ಆ ಕೆಲಸ ನಿಲ್ಲುತ್ತದೆ. ಗುಡುಗಿಲ್ಲದ ದಿನ ರಿಮೋಟಿನಲ್ಲಷ್ಟೇ ಆರಿಸಿ ಸ್ಟ್ಯಾಂಡ್‌ಬೈನಲ್ಲೇ ಬಿಡಿ. ಒಂದೇ ಸುದ್ದಿ ವಾಹಿನಿಯನ್ನು ದಿನವಿಡೀ ಹಾಕಿದರೆ ಅದರ ಲಾಂಛನ, ಕೆಳಗಿನ ಪಟ್ಟಿ ಅಚ್ಚೊತ್ತುವುದೂ ಇಂಥ ಪರದೆಯಲ್ಲೇ.

ಮಳೆಗಾಲದ ಶೀತ, ಅಂದರೆ ತೇವ, ಸಿಡಿಲಿನಂತೆ ಒಂದೇ ಏಟಿಗೆ ಕೊಲ್ಲುವುದಿಲ್ಲ. ಪರದೆಯ ಅಂಚಿನಲ್ಲಿ, ಚಿತ್ರದ ಸಂಕೇತ ಒಯ್ಯಲು, ಗಾಜಿಗೆ ಅಂಟಿಸಿದ ತೆಳು ಪಟ್ಟಿಗಳಿವೆ. ಅವುಗಳ ಮೇಲಿನ ಲೋಹದ ಗೆರೆಗಳು ಕೂದಲೆಳೆಗಿಂತ ಸಣ್ಣ ಅಂತರದಲ್ಲಿರುತ್ತವೆ. ತೇವ, ಧೂಳು, ಒಲೆಯ ಹೊಗೆ ಒಟ್ಟಾಗಿ ಅಲ್ಲಿ ಕೂತರೆ ಗೆರೆ ತುಕ್ಕು ಹಿಡಿದು, ಪರದೆಯ ಮೇಲೆ ನೆಟ್ಟಗೆ ಒಂದು ಬಣ್ಣದ ಗೀಟು ಮೂಡುತ್ತದೆ. ಅದನ್ನು ಸರಿಪಡಿಸಲು ವಿಶೇಷ ಯಂತ್ರವೇ ಬೇಕು, ಹೆಚ್ಚಿನ ಸಲ ಅದು ಲಾಭದ ಕೆಲಸವೂ ಅಲ್ಲ. ತಡೆಯುವುದೇ ಸರಿಯಾದ ದಾರಿ.

ಮಳೆ ಹೊಡೆಯುವ ಪಡುವಣ ಗೋಡೆಗೆ ಟಿ.ವಿ. ನೇತುಹಾಕಬೇಡಿ, ಒಳಗಿನ ಅಡ್ಡಗೋಡೆ ಆರಿಸಿಕೊಳ್ಳಿ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಟಿ.ವಿ. ಓಡಲಿ. ಹೆಚ್ಚಾದರೆ ಕೆಡುಕು ಮಾಡುವ ಅದೇ ಬಿಸಿ, ಮಿತವಾಗಿದ್ದರೆ ಒಳಗಿನ ತೇವವನ್ನು ಓಡಿಸುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಉರಿಯುವ ಕರೆಂಟು ಅತ್ಯಲ್ಪ, ಅದರಿಂದ ಒಣಗುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ನಿಲ್ಲುತ್ತದೆ. ಹಳೆಯ ಹತ್ತಿ ಪಂಚೆ ಸಾಕು, ಅದೂ ಟಿ.ವಿ. ಆರಿ ತಣ್ಣಗಾದ ಮೇಲೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದೆಲ್ಲ ಕಡ್ಡಾಯ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಧೂಳಿನ ಕಡೆ ಹೆಚ್ಚು ಗಮನವಿರಲಿ.

ಒರೆಸುವಾಗ ಆಗುವ ತಪ್ಪೂ ಅದೇ ಅಂಚನ್ನು ಕೆಡಿಸುತ್ತದೆ. ಪರದೆಗೆ ನೇರವಾಗಿ ನೀರು ಚಿಮುಕಿಸಿದರೆ ಅದು ಕೆಳಗೆ ಹರಿದು ಸಂದಿಗೆ ಇಳಿಯುತ್ತದೆ. ಟಿ.ವಿ. ಆರಿಸಿ, ಅರ್ಧ ಗಂಟೆ ಬಿಟ್ಟು, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಕಲೆ ಹೋಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ನಾಲ್ಕು ಹನಿ ಬಟ್ಟೆಗೆ ಹಾಕಿಕೊಳ್ಳಿ. ಕಿಟಕಿ ಗಾಜಿನ ದ್ರಾವಣ, ಸ್ಪಿರಿಟ್ ಎರಡೂ ಪರದೆಯ ಲೇಪವನ್ನು ಕೀಳುತ್ತವೆ. ಹಿಂದಿನ ಗಾಳಿ ಕಿಂಡಿಗಳ ಧೂಳನ್ನು ಎರಡು ತಿಂಗಳಿಗೊಮ್ಮೆ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಬೆಚ್ಚಗಿನ ಜಾಗ ಹುಡುಕಿ ಇರುವೆ, ಹಲ್ಲಿ ಅಲ್ಲಿಂದಲೇ ಒಳಗೆ ಹೋಗುವುದು, ಪವರ್ ಬೋರ್ಡಿನ ಮೇಲೆ ಸತ್ತ ಹಲ್ಲಿಯೊಂದು ಶಾರ್ಟ್ ಮಾಡಿಬಿಡಬಹುದು. ಹಾಗೆಂದು ಕಿಂಡಿಗಳಿಗೆ ಟೇಪು ಹಚ್ಚುವಂತಿಲ್ಲ, ಕೀಟನಾಶಕ ಹೊಡೆಯುವಂತೆಯೂ ಇಲ್ಲ. ಟಿ.ವಿ.ಯ ಹಿಂದಿನ ಗೋಡೆ, ತಂತಿ ಬರುವ ದಾರಿ ಚೊಕ್ಕಟವಾಗಿರಲಿ.

ಸ್ಮಾರ್ಟ್ ಟಿ.ವಿ.ಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿರುವಾಗ ಕರೆಂಟು ಹೋದರೆ ಟಿ.ವಿ. ಲೋಗೋದಲ್ಲೇ ನಿಂತುಬಿಡಬಹುದು. ಗಾಳಿಮಳೆಯ ದಿನ ಅಪ್‌ಡೇಟ್ ಒತ್ತಬೇಡಿ. ಆ್ಯಪ್‌ಗಳು ನಿಧಾನವಾದವು ಎಂದು ಒಳ್ಳೆಯ ಪರದೆಯನ್ನು ಎಸೆಯಲೂ ಬೇಡಿ. ಎಚ್.ಡಿ.ಎಂ.ಐ.ಗೆ ಸಿಕ್ಕಿಸಿ ಆ್ಯಪ್‌ಗಳನ್ನು ಓಡಿಸುವ ಸಣ್ಣ ಸ್ಟಿಕ್ ತಂದರೆ ಆಯಿತು.

ರಿಪೇರಿಗೆ ಕೊಡುವಾಗ ಎರಡು ಮಾತು ನೆನಪಿಡಿ. ಬ್ಯಾಕ್‌ಲೈಟ್ ಹೋಗಿದ್ದರೆ ಒಂದೇ ಪಟ್ಟಿಯನ್ನಲ್ಲ, ಇಡೀ ಸೆಟ್ಟನ್ನು ಬದಲಿಸಲು ಹೇಳಿ. ಒಂದು ಸುಟ್ಟಿದ್ದರೆ ಉಳಿದವೂ ಅಷ್ಟೇ ಹಳೆಯವು. ಉಬ್ಬಿದ ಕೆಪಾಸಿಟರಿನ ಜಾಗಕ್ಕೆ ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ, 105 ಡಿಗ್ರಿಯದೇ ಬೇಕು. ಹಿಂದಿನ ಮುಚ್ಚಳವನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಮುಖ್ಯ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದು.

ತೋಟದ ಮನೆಗೆ ಬೀಗ ಹಾಕಿ ಮಳೆಗಾಲ ಪೂರ್ತಿ ಬೆಂಗಳೂರು, ಮೈಸೂರಿನಲ್ಲಿ ಕಳೆಯುವವರು ಈ ಕೆಲಸವನ್ನು ಮೇ ತಿಂಗಳ ಒಂದು ಬಿಸಿಲಿನ ದಿನ ಮಾಡಿ. ಟಿ.ವಿ.ಯನ್ನು ಎರಡು ಗಂಟೆ ಓಡಿಸಿ, ಆರಿಸಿ, ತಣಿಯಲು ಬಿಡಿ. ದೊಡ್ಡ ಪ್ಲಾಸ್ಟಿಕ್ ಚೀಲಕ್ಕಿಳಿಸಿ, ಜೊತೆಗೆ ಬಟ್ಟೆಯ ಪೊಟ್ಟಣಗಳಲ್ಲಿ ಅರ್ಧ ಕಿಲೋ ಒಣ ಸಿಲಿಕಾ ಜೆಲ್ ಇಟ್ಟು, ಬಾಯಿಯನ್ನು ಟೇಪಿನಿಂದ ಪೂರ್ತಿ ಮುಚ್ಚಿ. ಸುಮ್ಮನೆ ಹೊದಿಸಿದ ಪ್ಲಾಸ್ಟಿಕ್ ಕೆಡುಕು, ಜೆಲ್ ಹಾಕಿ ಮುಚ್ಚಿದ ಚೀಲ ಕಾವಲು. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಟಿ.ವಿ.ಯನ್ನು ನಿಲ್ಲಿಸಿಯೇ ಇಡಿ, ನೆಲದ ಮೇಲಲ್ಲ, ಮಂಚದ ಮೇಲೆ. ರಿಮೋಟಿನ ಸೆಲ್ಲುಗಳನ್ನು ತೆಗೆದು ಬೇರೆ ಇಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಬಂದು ಬಾಗಿಲು ತೆರೆದಾಗ ಟಿ.ವಿ.ಯನ್ನು ಚೀಲದಿಂದ ತೆಗೆದು ಒಂದು ದಿನ ಹಾಗೇ ಗಾಳಿಗೆ ಬಿಡಿ. ತಂತಿಯನ್ನು ಇಲಿ ಕಡಿದಿಲ್ಲವೆಂದು ನೋಡಿಕೊಂಡು ಮರುದಿನ ಪ್ಲಗ್ ಹಾಕಿ.

ನಮಸ್ಕಾರ.